ಪ್ರತಿ ಸುತ್ತಿಗೂ ಡೆಲ್ಟಾ ಏರುವುದೇಕೆ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಮಧುಗಿರಿ ಬಳಿಯ ನಮ್ಮ ತೋಟದ ಕೊಳವೆಬಾವಿ ಪೈಪಿನ ಕಂಪನವನ್ನು ಸೆಕೆಂಡಿಗೆ 8000 ಸ್ಯಾಂಪಲ್‌ನಂತೆ ದಾಖಲಿಸಿದ್ದೇನೆ. 1000 ಹರ್ಟ್ಸ್‌ವರೆಗಿನದನ್ನು ಉಳಿಸಿ, 1400ರಿಂದ ಮೇಲಿನದನ್ನು ತಡೆಯುವ 31 ಗುಣಾಂಕಗಳ ಎಫ್‌ಐಆರ್ ಫಿಲ್ಟರ್‌ (ಸ್ಯಾಂಪಲ್‌ಗಳನ್ನು ಗುಣಾಂಕಗಳಿಂದ ಗುಣಿಸಿ ಕೂಡಿಸುವ ಫಿಲ್ಟರ್) ಬೇಕಿತ್ತು. ಗರಿಷ್ಠ ದೋಷ ಆದಷ್ಟು ಕಡಿಮೆಯಿರುವ ಗುಣಾಂಕಗಳನ್ನು ಸುತ್ತುಸುತ್ತಾಗಿ ಹುಡುಕುವ ಪಾರ್ಕ್ಸ್–ಮೆಕ್ಲೆಲನ್ ವಿಧಾನದ ಪ್ರೋಗ್ರಾಮ್ ಬರೆದರೆ, ಡೆಲ್ಟಾ ಎಂಬ ದೋಷ (ಬೇಕಾದದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸ) ಸುತ್ತಿನಿಂದ ಸುತ್ತಿಗೆ ಏರುತ್ತಿದೆ. ಇಳಿಯಬೇಕಲ್ಲವೇ ಸರ್?

ಉತ್ತರ: ಏರಲೇಬೇಕು, ಇಳಿದಿದ್ದರೆ ನೀವು ಗಾಬರಿಯಾಗಬೇಕಿತ್ತು. ಡೆಲ್ಟಾ ಎಂದರೆ ಉಳಿಸುವ ಮತ್ತು ತಡೆಯುವ ಇಡೀ ಆವೃತ್ತಿ ಪಟ್ಟಿಯ (ಬ್ಯಾಂಡ್) ಗರಿಷ್ಠ ದೋಷವೆಂದು ನೀವು ಭಾವಿಸಿದಂತಿದೆ. ಅದು ಆ ಸುತ್ತಿಗೆ ಆರಿಸಿಕೊಂಡ ಕೆಲವೇ ಆವೃತ್ತಿಗಳಲ್ಲಿನ (ಫ್ರೀಕ್ವೆನ್ಸಿ) ದೋಷ ಮಾತ್ರ.

ನಡುವಿನ ಗುಣಾಂಕದ ಎರಡೂ ಕಡೆ ಒಂದೇ ಬೆಲೆಗಳಿರುವ ಸಮ್ಮಿತಿಯಿಂದಾಗಿ ನಿಮ್ಮ 31 ಗುಣಾಂಕಗಳಲ್ಲಿ ಬೇರೆಬೇರೆಯಾದವು 16. ಡೆಲ್ಟಾ ಸೇರಿ ತಿಳಿಯಬೇಕಾದವು 17. ಆದ್ದರಿಂದ 17 ಆವೃತ್ತಿಗಳನ್ನು ಆರಿಸಿ, ಅಲ್ಲಿ ದೋಷವು ಒಂದು ಬಾರಿ ಮೇಲೆ, ಮರುಬಾರಿ ಕೆಳಗೆ, ಸಮ ಪ್ರಮಾಣದಲ್ಲಿರುವಂತೆ ಲೆಕ್ಕ ಹಾಕುತ್ತೇವೆ. ಬಳಿಕ ಇಡೀ ಪಟ್ಟಿಯನ್ನು ಹುಡುಕಿ, ದೋಷ ಎಲ್ಲೆಲ್ಲಿ ಹೆಚ್ಚು ಉಬ್ಬಿದೆಯೋ ಆ ಜಾಗಗಳನ್ನು ಹಳೆಯವುಗಳ ಬದಲಿಗೆ ತೆಗೆದುಕೊಳ್ಳುತ್ತೇವೆ. ಈ ಅದಲು-ಬದಲು ಗಣಿತಜ್ಞ ರೆಮೆಜ್ 1934ರಲ್ಲಿ ಕೊಟ್ಟದ್ದು. ಅದನ್ನು ಫಿಲ್ಟರ್‌ಗೆ ಒಗ್ಗಿಸಿ ಪಾರ್ಕ್ಸ್ ಮತ್ತು ಮೆಕ್ಲೆಲನ್ 1972ರಲ್ಲಿ ಪ್ರಕಟಿಸಿದರು.

ಕಾಗದದ ಮೇಲೆ ಮಾಡಿ ನೋಡಬಹುದಾದ ಒಂದು ಪುಟ್ಟ ಲೆಕ್ಕವಿದೆ. 0ಯಿಂದ 1ರವರೆಗಿನ ಸಂಖ್ಯೆಗಳ ವರ್ಗವನ್ನು ಒಂದು ಸರಳರೇಖೆಯಿಂದ ಅಂದಾಜಿಸಬೇಕೆನ್ನಿ. ರೇಖೆಗೆ ಎರಡು ಗುಣಾಂಕ, ಜೊತೆಗೆ ಡೆಲ್ಟಾ, ಹಾಗಾಗಿ ಮೂರು ಬಿಂದುಗಳು. ಮೊದಲಿಗೆ 0, 0.25, 1 ಎಂದಿಟ್ಟುಕೊಂಡರೆ ಡೆಲ್ಟಾ 0.09375 ಬರುತ್ತದೆ. ಆದರೆ ಹುಡುಕಿದಾಗ 0.5ರಲ್ಲಿ ದೋಷ 0.15625ರಷ್ಟಿರುವುದು ಕಾಣುತ್ತದೆ. 0.25ನ್ನು ಬಿಟ್ಟು 0.5ನ್ನು ತೆಗೆದುಕೊಂಡರೆ ಡೆಲ್ಟಾ 0.125ಕ್ಕೆ ಏರುತ್ತದೆ, ಗರಿಷ್ಠ ದೋಷ 0.125ಕ್ಕೆ ಇಳಿಯುತ್ತದೆ, ಕೆಲಸ ಮುಗಿಯುತ್ತದೆ.

ಆಯ್ದ ಮೂರೇ ಬಿಂದುಗಳಲ್ಲಿಯೂ ಯಾವ ರೇಖೆಗೂ ಡೆಲ್ಟಾಗಿಂತ ಕಡಿಮೆ ಗರಿಷ್ಠ ದೋಷ ಸಾಧ್ಯವಿಲ್ಲದಿರುವಾಗ, ಎಲ್ಲ ಬಿಂದುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅದಕ್ಕಿಂತ ಕಡಿಮೆಯಾಗುವುದು ಹೇಗೆ? ಹೀಗೆ ಡೆಲ್ಟಾ ಕೆಳಮಿತಿ, ಹುಡುಕಿದಾಗ ಸಿಗುವ ಗರಿಷ್ಠ ದೋಷ ಮೇಲ್ಮಿತಿ. ಅತ್ಯುತ್ತಮ ಫಿಲ್ಟರ್‌ನ ದೋಷ ಇವೆರಡರ ನಡುವೆ ಸಿಕ್ಕಿಬಿದ್ದಿರುತ್ತದೆ. ಪ್ರೋಗ್ರಾಮ್ ಎರಡನ್ನೂ ಒಂದೇ ಸಾಲಿನಲ್ಲಿ ಮುದ್ರಿಸಲಿ. ಅವು ಒಂದಾದಾಗ ನಿಲ್ಲಿಸಿ. ಡೆಲ್ಟಾವನ್ನಷ್ಟೇ ಮುದ್ರಿಸುವುದು ಹಲವು ವಿದ್ಯಾರ್ಥಿಗಳ ಅಭ್ಯಾಸ, ಗೊಂದಲ ಹುಟ್ಟುವುದೂ ಅಲ್ಲೇ.

ಒಂದು ಎಚ್ಚರಿಕೆ. ನಿಮ್ಮಂಥ ಫಿಲ್ಟರ್‌ನಲ್ಲಿ ಕೆಲವೊಮ್ಮೆ 17ರ ಬದಲು 18 ಉಬ್ಬುಗಳು ಸಿಗುತ್ತವೆ. ಆಗ ಪಟ್ಟಿಯ ಎರಡು ತುದಿಗಳಾದ 0 ಮತ್ತು 4000 ಹರ್ಟ್ಸ್ (8000ದ ಅರ್ಧ) ಎರಡರಲ್ಲಿ ಯಾವುದರ ದೋಷ ಚಿಕ್ಕದೋ ಅದನ್ನು ಕೈಬಿಡಿ. 1000 ಮತ್ತು 1400ರ ಅಂಚುಗಳನ್ನು ಮಾತ್ರ ಮುಟ್ಟಬೇಡಿ, ಅತ್ಯುತ್ತಮ ಉತ್ತರದಲ್ಲಿ ಅವೆರಡೂ ಇರಲೇಬೇಕು. ಮುಂದೆಂದಾದರೂ ಡೆಲ್ಟಾ ಇಳಿದರೆ ಮೊದಲು ನೋಡಬೇಕಾದದ್ದು ಆರಿಸಿದ ಬಿಂದುಗಳಲ್ಲಿ ದೋಷದ ಚಿಹ್ನೆ ಪ್ರತಿ ಬಿಂದುವಿನಿಂದ ಮುಂದಿನದಕ್ಕೆ ಬದಲಾಗುತ್ತಿದೆಯೇ ಎಂಬುದನ್ನು.