ಮರ ತರುವ ಮೊದಲು ಮನೆ ಓನರನ್ನು ಕೇಳು

ತಂಗೀ,

ನಿನ್ನ ಮೆಸೇಜು ಬಂದಾಗ ನಾನು ಸುಂಟಿಕೊಪ್ಪದ ಮನೆಯ ಜಗಲಿಯಲ್ಲಿ ಕೂತಿದ್ದೆ. ಎದುರಿನ ಕಣದಲ್ಲಿ ಕಾಫಿ ಹಣ್ಣು ಹರಡಿದ್ದಾರೆ. ಸ್ವಲ್ಪ ಮೋಡ ಕಂಡರೂ ಅಪ್ಪ "ಟಾರ್ಪಾಲು!" ಎಂದು ಕೂಗುತ್ತಾರೆ, ನಾನು ಎದ್ದು ಓಡುತ್ತೇನೆ. ಹಾಗಾಗಿ ಈ ಉತ್ತರ ಮೂರು ದಿನ ಹಿಡಿಯಿತು.

ನೀನು ಕೇಳಿದ್ದು ಇಷ್ಟು. ಕೆನಡಾದ ಬ್ರಾಂಪ್ಟನ್‌ಗೆ ಬಂದು ನಾಲ್ಕು ತಿಂಗಳಾಯಿತು, ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೀರಿ. ಮಗಳು ಶಾಲೆಯಿಂದ ಬಂದು ನಮ್ಮನೆಗೂ ನಿಜವಾದ ಕ್ರಿಸ್‌ಮಸ್ ಮರ ಬೇಕು ಎಂದು ಹಟ ಹಿಡಿದಿದ್ದಾಳೆ. ಪ್ಲಾಸ್ಟಿಕ್ ಸಾಲದಾ? ನಿಜವಾದದ್ದು ಎಷ್ಟು ದಿನ ಬಾಳುತ್ತದೆ? ನಾಲ್ಕು ವಾರದ ಅಂದಕ್ಕೆ ಒಂದು ಮರ ಕಡಿಯುವುದು ತಪ್ಪಲ್ವಾ? ಊರಲ್ಲಿ ಅತ್ತೆ ಏನೆನ್ನುತ್ತಾರೋ?

ಅತ್ತೆಯದ್ದನ್ನು ಮೊದಲು ಮುಗಿಸೋಣ. ಅವರು ವಿರಾಜಪೇಟೆಯವರು. ಅಲ್ಲಿನ ಸಂತ ಅನ್ನಮ್ಮನ ಚರ್ಚ್ 1792ರದ್ದು, ದೊಡ್ಡ ವೀರರಾಜೇಂದ್ರನ ಕಾಲದ್ದು. ಆ ಊರಿಗೆ ಕ್ರಿಸ್‌ಮಸ್ ಹೊಸತಲ್ಲ. ಪಕ್ಕದ ಮನೆಯಿಂದ ಬಂದ ಕ್ರಿಸ್‌ಮಸ್ ತಿಂಡಿಯ ಕುಸ್ವಾರ್ ತಟ್ಟೆಯನ್ನು ಅವರು ಯಾವತ್ತಾದರೂ ವಾಪಸ್ ಕಳಿಸಿದ್ದಾರಾ? ಇಲ್ಲ ತಾನೇ. ಹಾಗಾದರೆ ಮರಕ್ಕೂ ಏನೂ ಅನ್ನುವುದಿಲ್ಲ.

ಕಡಿಯುವ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು. ನನಗೂ ಕೆನಡಾಕ್ಕೆ ಹೋದ ಮೊದಲ ವರ್ಷ ಅದೇ ಕಸಿವಿಸಿ. ನಮ್ಮ ಕೊಡಗು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅಲ್ಲಿಂದ ಒಂದು ಒಣ ಕೊಂಬೆ ತರಲೂ ಅಜ್ಜಿ ಬಿಡುತ್ತಿರಲಿಲ್ಲ. ತೋಟದ ಬೀಟೆ ಮರ ಮುಟ್ಟಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಂಥ ಊರಿಂದ ಹೋದವರಿಗೆ, ಕಾರಿನ ತಲೆ ಮೇಲೆ ಮರ ಕಟ್ಟಿಕೊಂಡು ಸಾಲಾಗಿ ಹೋಗುವವರನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಆಮೇಲೆ ಒಂದು ಫಾರ್ಮಿಗೆ ಹೋಗಿ ನೋಡಿದೆ. ಅದು ಕಾಡಲ್ಲ ಮಾರಾಯ್ತಿ, ತೋಟ. ಸಾಲಿನಲ್ಲಿ ಸಸಿ ನೆಡುತ್ತಾರೆ, ಕಳೆ ತೆಗೆಯುತ್ತಾರೆ, ಆಕಾರ ಬರಲಿ ಎಂದು ವರ್ಷ ವರ್ಷ ಕಪಾತು ಮಾಡುತ್ತಾರೆ. ಆರೇಳು ಅಡಿ ಬೆಳೆಯಲು ಏಳರಿಂದ ಹತ್ತು ವರ್ಷ ಬೇಕು. ಕಡಿದ ಜಾಗದಲ್ಲಿ ಮತ್ತೆ ಸಸಿ ಬರುತ್ತದೆ. ಮೊನ್ನೆ ಸುಗ್ಗಿ ಹಬ್ಬ ಹುತ್ತರಿಗೆ ಇಲ್ಲಿ ಗದ್ದೆಗೆ ಹೋಗಿ ಕದಿರು ತೆಗೆದು ಮನೆಗೆ ತಂದರಲ್ಲ, ಕಂಬಕ್ಕೆ ಕಟ್ಟಿದರಲ್ಲ, ನನ್ನ ಮನಸ್ಸಿನಲ್ಲಿ ಆ ಮರವೂ ಈಗ ಅದೇ ಲೆಕ್ಕಕ್ಕೆ ಸೇರಿದೆ. ಬೆಳೆದದ್ದನ್ನು ಕೊಯ್ದು ಒಳಗೆ ತರುವುದು.

ಆದರೂ ಮರ ತರುವ ಮೊದಲು ಮನೆ ಓನರನ್ನು ಕೇಳು. ಒಣಗಿದ ಮರಕ್ಕೆ ಬೆಂಕಿ ಬಿದ್ದರೆ ನಿಮಿಷಗಳಲ್ಲಿ ಕೋಣೆ ಹೋಗುತ್ತದೆ. ಅದಕ್ಕೇ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ನಿಜವಾದ ಮರ ಬೇಡ ಎಂದು ಒಪ್ಪಂದದಲ್ಲೇ ಬರೆದಿರುತ್ತಾರೆ. ಬೇಸ್‌ಮೆಂಟಿನಲ್ಲಿ ಇರುವವಳು ನೀನು, ಮೇಲಿನ ಮನೆಯವರ ನಿದ್ದೆಯ ಪ್ರಶ್ನೆ ಅದು. ಅವರು ಬೇಡ ಎಂದರೆ ಮಾತು ಬೆಳೆಸಬೇಡ, ಪ್ಲಾಸ್ಟಿಕ್ ತಂದುಬಿಡು. ರಜೆಯಲ್ಲಿ ನೀವು ಎಲ್ಲಿಗಾದರೂ ಹೋಗುವುದಿದ್ದರೂ ಅಷ್ಟೇ. ದಿನಾ ನೀರು ಹಾಕಲು ಆಗದವರು ನಿಜವಾದ ಮರ ತರಲೇಬಾರದು. ನಾನು ಮುಂದೆ ಬರೆಯುವುದೆಲ್ಲ ಇದೊಂದು ಮಾತಿನ ವಿವರಣೆ.

ಒಪ್ಪಿದರು ಅಂದುಕೊಳ್ಳೋಣ. ಮನೆಯಿಂದ ಹೊರಡುವಾಗ ಟೇಪು ಹಿಡಿದು ಸೂರಿನ ಎತ್ತರ ಅಳೆದುಕೋ. ಫಾರ್ಮಿನಲ್ಲಿ ತಲೆ ಮೇಲೆ ಆಕಾಶ, ಅಲ್ಲಿ ಎಂಟಡಿ ಮರವೂ ಮಗುವಿನ ಹಾಗೆ ಕಾಣುತ್ತದೆ. ಸ್ಟ್ಯಾಂಡು, ತುದಿಯ ನಕ್ಷತ್ರ ಎರಡಕ್ಕೂ ಸೇರಿ ಒಂದಡಿಯಾದರೂ ಬಿಡಬೇಕು. ನಿನ್ನ ಬೇಸ್‌ಮೆಂಟಿಗೆ ಐದಡಿ ಸಾಕು. ಅಗಲವನ್ನೂ ನೋಡು. ಮರ ಬಂದ ಮೇಲೆ ಬಚ್ಚಲಿಗೆ ಹೋಗಲು ಅಡ್ಡಡ್ಡ ನಡೆಯುವ ಹಾಗಾಗಬಾರದು.

ಯಾವ ಜಾತಿ? ಅಲ್ಲಿ ಜಾಸ್ತಿ ಸಿಗುವುದು ಫ್ರೇಸರ್ ಫರ್, ಬಾಲ್ಸಮ್ ಫರ್, ಸ್ಪ್ರೂಸ್, ಸ್ಕಾಟ್ಸ್ ಪೈನ್. ಒಂದು ಸೂಜಿ ಎಲೆ ಕಿತ್ತು ಎರಡು ಬೆರಳ ನಡುವೆ ಹೊರಳಿಸು. ಫರ್ ಚಪ್ಪಟೆ, ಹೊರಳುವುದಿಲ್ಲ. ಸ್ಪ್ರೂಸ್‌ಗೆ ನಾಲ್ಕು ಮೂಲೆ, ಹೊರಳುತ್ತದೆ, ಚುಚ್ಚುತ್ತದೆ ಕೂಡ. ಬೆಚ್ಚಗಿನ ಕೋಣೆಯಲ್ಲಿ ಬೇಗ ಉದುರುವುದು ಸ್ಪ್ರೂಸ್, ಚಿಕ್ಕ ಮಗು ಇರುವ ಮನೆಗೆ ನಾನು ಹೇಳುವುದಿಲ್ಲ. ಫ್ರೇಸರ್ ಎಲೆಯ ಅಡಿಭಾಗ ನಮ್ಮ ತೋಟದ ಸಿಲ್ವರ್ ಓಕ್ ಮರದ ಎಲೆಯ ಹಾಗೆ ಬೆಳ್ಳಗಿರುತ್ತದೆ. ಕೊಂಬೆ ಗಟ್ಟಿ, ಎಲೆ ಬೇಗ ಬೀಳುವುದಿಲ್ಲ, ದುಡ್ಡು ಸ್ವಲ್ಪ ಜಾಸ್ತಿ. ಬಾಲ್ಸಮ್‌ದು ಪರಿಮಳ. ಕಿಟಕಿಗಳೆಲ್ಲ ಮುಚ್ಚಿದ ಚಳಿಗಾಲದ ಮನೆಯಲ್ಲಿ, ನಿನ್ನೆಯ ಸಾರಿನ ಒಗ್ಗರಣೆ ವಾಸನೆಯನ್ನೂ ಮೀರಿ ಬರುವ ಪರಿಮಳ. ನಾವು ಮೊದಲಿಂದಲೂ ಬಾಲ್ಸಮ್ ಮನೆ.

ಬಾಲ್ಸಮ್ ಎಂದರೆ ನೋವಾ ಸ್ಕೋಶಿಯಾ ನೆನಪಾಗುತ್ತದೆ. 1917ರ ಡಿಸೆಂಬರ್ 6ರಂದು ಅಲ್ಲಿನ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಊರಿಗೆ ಊರೇ ಹಾಳಾಯಿತು. ಆಗ ಬಾಸ್ಟನ್‌ನಿಂದ ರೈಲಿನಲ್ಲಿ ಡಾಕ್ಟರು, ನರ್ಸು, ಔಷಧಿ ಎಲ್ಲ ಬಂತು. ಮುಂದಿನ ವರ್ಷ ಆ ಉಪಕಾರಕ್ಕೆ ನೋವಾ ಸ್ಕೋಶಿಯಾದವರು ಬಾಸ್ಟನ್‌ಗೆ ಒಂದು ಕ್ರಿಸ್‌ಮಸ್ ಮರ ಕಳಿಸಿದರು. 1971ರಿಂದ ಪ್ರತಿ ವರ್ಷ ಕಳಿಸುತ್ತಲೇ ಇದ್ದಾರೆ. ನಾವು ಯಾರ ಮನೆಗಾದರೂ ಹೋಗುವಾಗ ಜೇನು, ಕಾಫಿಪುಡಿ ಒಯ್ಯುವ ಹಾಗೆ, ಅವರದ್ದು ಮರ.

ಕಡಿದಿಟ್ಟ ಮರ ಕೊಳ್ಳುವುದಾದರೆ ತಾಜಾ ಇದೆಯಾ ನೋಡಬೇಕು. ಕೊಂಬೆಯನ್ನು ಸಡಿಲವಾಗಿ ಹಿಡಿದು ನಿನ್ನ ಕಡೆಗೆ ಎಳೆ. ಕೈಯಲ್ಲಿ ಹಸಿರು ಸೂಜಿಗಳು ಉಳಿದರೆ ಆ ಮರ ಬಿಡು. ಬುಡವನ್ನು ನೆಲಕ್ಕೆ ಒಮ್ಮೆ ಕುಟ್ಟಿ ನೋಡು. ಒಳಗಿನ ಕಂದು ಎಲೆ ಉದುರಿದರೆ ಚಿಂತೆಯಿಲ್ಲ, ಅದು ಹಳೆಯದು. ಹೊರಗಿನ ಹಸಿರು ಉದುರಬಾರದು. ಬುಡದಲ್ಲಿ ಐದಾರು ಇಂಚು ಕಾಂಡ ನೆಟ್ಟಗೆ, ಕೊಂಬೆಯಿಲ್ಲದೆ ಇರಲಿ, ಇಲ್ಲದಿದ್ದರೆ ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ. ಒಂದು ಪಕ್ಕ ಬೋಳಾಗಿದ್ದರೆ ಬೇಜಾರು ಬೇಡ, ಗೋಡೆಗೆ ತಿರುಗಿಸು. ಅಂಥದ್ದಕ್ಕೆ ಚೌಕಾಸಿಯನ್ನೂ ಮಾಡಬಹುದು, ಸುಮ್ನೆ ಕೇಳಿ ನೋಡು.

ಬಲೆ ಸುತ್ತಿಸಿ, ಬುಡ ಮುಂದಕ್ಕೆ ಬರುವ ಹಾಗೆ ಕಾರಿನ ಮೇಲೆ ಕಟ್ಟಿ. ಹಗ್ಗ ಕಿಟಕಿಯೊಳಗಿಂದ ಹಾಯಿಸಬೇಡಿ. ನಮ್ಮವರು ಒಮ್ಮೆ ಹಾಗೆ ಬಿಗಿಯಾಗಿ ಕಟ್ಟಿ, ನಾಲ್ಕೂ ಬಾಗಿಲು ತೆರೆಯದೆ, ಮೈನಸ್ ಎಂಟರಲ್ಲಿ ಸ್ವೆಟರು ಜಾಕೆಟು ಹಾಕಿಕೊಂಡು ಕಿಟಕಿಯಲ್ಲಿ ನುಗ್ಗಿದ್ದರು. ಫಾರ್ಮಿನವನು ನಗು ತಡೆಯಲಾರದೆ ಹಿಂದೆ ತಿರುಗಿ ನಿಂತಿದ್ದ.

ಈಗ ಬಂತು ಮುಖ್ಯ ವಿಷಯ. ಕಡಿದ ಬುಡದಲ್ಲಿ ಅಂಟು ಬಂದು ಕೆಲವೇ ಗಂಟೆಗಳಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಮರ ಎಷ್ಟು ನೀರಿನಲ್ಲಿ ನಿಂತರೂ ಕುಡಿಯುವುದಿಲ್ಲ. ಹಾಗಾಗಿ ಕೊಳ್ಳುವಲ್ಲೇ ಅಥವಾ ಮನೆಗೆ ಬಂದು ಬುಡದಿಂದ ಅರ್ಧದಿಂದ ಒಂದು ಇಂಚು ನೇರವಾಗಿ ಗರಗಸದಲ್ಲಿ ತೆಗೆಸು. ಹೂವಿನ ಕಡ್ಡಿಯ ಹಾಗೆ ಓರೆಯಾಗಿ ಬೇಡ. ಸ್ಟ್ಯಾಂಡಿಗೆ ಹಿಡಿಸುವುದಿಲ್ಲ ಎಂದು ಸುತ್ತಲಿನ ತೊಗಟೆ ಕೆತ್ತಲೂ ಬೇಡ. ನೀರು ಮೇಲೆ ಹೋಗುವುದು ಜಾಸ್ತಿ ಆ ಹೊರಗಿನ ಪದರದಲ್ಲೇ. ಕೊಯ್ದ ಮೇಲೆ ತಡ ಮಾಡದೆ ನೀರಿಗೆ ಇಳಿಸು.

ಸ್ಟ್ಯಾಂಡಿನ ಲೆಕ್ಕ ಸುಲಭ. ಕಾಂಡದ ದಪ್ಪದ ಪ್ರತಿ ಇಂಚಿಗೆ ಸುಮಾರು ಒಂದು ಲೀಟರು ನೀರು ಹಿಡಿಯಬೇಕು. ನಾಲ್ಕಿಂಚು ಬುಡಕ್ಕೆ ನಾಲ್ಕು ಲೀಟರು. ಮೊದಲ ದಿನವೇ ಅಷ್ಟನ್ನೂ ಹೀರಿಬಿಡಬಹುದು, ಗಾಬರಿಯಾಗಬೇಡ. ಬೆಳಿಗ್ಗೆ ಕಾಫಿಗೆ ಎದ್ದಾಗ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ಬಗ್ಗಿ ನೋಡು. ಬುಡ ಯಾವಾಗಲೂ ನೀರಿನೊಳಗೆ ಇರಬೇಕು. ಒಮ್ಮೆ ಬತ್ತಿತೋ, ಮತ್ತೆ ಅಂಟು ಕಟ್ಟುತ್ತದೆ. ಅಲಂಕಾರ ಮಾಡಿದ ಮರವನ್ನು ಎತ್ತಿ ಮತ್ತೆ ಕೊಯ್ಯುವವರು ಯಾರು? ಸಕ್ಕರೆ ಹಾಕು, ಆಸ್ಪಿರಿನ್ ಹಾಕು ಎಂದೆಲ್ಲ ಹೇಳುತ್ತಾರೆ. ಯಾವುದೂ ಬೇಡ, ನಲ್ಲಿ ನೀರು ಸಾಕು. ಕೊಂಬೆಯಡಿ ತೂರಲು ನಾನು ಒಂದು ಉದ್ದ ಪೈಪಿಗೆ ಆಲಿಕೆ ಸಿಕ್ಕಿಸಿಟ್ಟುಕೊಂಡಿದ್ದೇನೆ.

ಇಷ್ಟು ಗೊತ್ತಾದದ್ದು ಮೊದಲ ವರ್ಷ ಎಡವಿದ್ದರಿಂದ. ಇಲ್ಲಿ ನಮ್ಮ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಗಾಳಿ ಮರದ ಕೊಂಬೆಯನ್ನು ಮರಳು ತುಂಬಿದ ಬಕೆಟಿನಲ್ಲಿ ನೆಟ್ಟು, ಹತ್ತಿ ಅಂಟಿಸಿ, ಪಕ್ಕದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುತ್ತಿದ್ದರು. ಹತ್ತು ದಿನ ಚೆನ್ನಾಗಿಯೇ ಇರುತ್ತಿತ್ತು. ನಾನೂ ಅದೇ ಧೈರ್ಯದಲ್ಲಿ ಮರ ತಂದು, ಬುಡ ಕೊಯ್ಸದೆ, ನೆಲದಿಂದ ಬಿಸಿಗಾಳಿ ಬರುವ ಕಿಂಡಿಯ ಪಕ್ಕದಲ್ಲೇ ನಿಲ್ಲಿಸಿದೆ. ಅಲ್ಲಿ ಪ್ಲಗ್ ಪಾಯಿಂಟ್ ಇತ್ತು ನೋಡು. ಡಿಸೆಂಬರ್ 20ಕ್ಕೆ ಮುಟ್ಟಿದರೆ ಮಳೆ ಸುರಿದ ಹಾಗೆ ಉದುರಿತು. ಇಪ್ಪತ್ತೈದಕ್ಕೆ ಉಳಿದದ್ದು ಕಡ್ಡಿ, ಅದರ ಮೇಲೆ ಬಲ್ಬು. ಯುಗಾದಿಗೆ ಮನೆ ಗುಡಿಸುವಾಗಲೂ ಸೋಫಾದ ಸಂದಿಯಿಂದ ಸೂಜಿ ಸಿಕ್ಕಿತು.

ಮನೆ ಬಿಸಿ ಮಾಡುವ ಫರ್ನೇಸು, ಹೀಟರು, ಬಿಸಿಗಾಳಿ ಕಿಂಡಿ ಎಲ್ಲದರಿಂದ ದೂರ ಇಡು. ಬೇಸ್‌ಮೆಂಟಿನಲ್ಲಿ ಫರ್ನೇಸ್ ಕೋಣೆ ಪಕ್ಕದಲ್ಲೇ ಇರುತ್ತದೆ, ಆ ಗೋಡೆ ಬೇಡ. ಹೊರಹೋಗುವ ದಾರಿಗೂ ಅಡ್ಡ ಆಗಬಾರದು. ಎಲ್‌ಇಡಿ ದೀಪ ಹಾಕು, ಅವು ಹೆಚ್ಚು ಬಿಸಿಯಾಗುವುದಿಲ್ಲ. ಮಲಗುವಾಗ ಆರಿಸು. ಮೇಣದಬತ್ತಿ ಹತ್ತಿರವೂ ಬೇಡ, ದೇವರ ದೀಪ ಆ ಮೂಲೆಯಲ್ಲಿದ್ದರೆ ಮರಕ್ಕೆ ಬೇರೆ ಮೂಲೆ.

ಕೈಗೆ ಅಂಟು ಹಿಡಿದರೆ ಸೋಪು ಉಜ್ಜಿ ಸುಸ್ತಾಗಬೇಡ. ಹಲಸಿನ ಹಣ್ಣಿಗೆ ಏನು ಮಾಡುತ್ತೇವೆ? ಅದೇ. ಅಲ್ಲಿಯ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾಗಿರುತ್ತದೆ, ಚಮಚದಲ್ಲಿ ಕೆರೆದು ಉಜ್ಜಿಕೋ.

ಚೆನ್ನಾಗಿ ನೀರು ಕೊಟ್ಟರೆ ಫರ್ ನಾಲ್ಕು ವಾರ ಆರಾಮಾಗಿ ನಿಲ್ಲುತ್ತದೆ. ನೀರು ಕುಡಿಯುವುದು ನಿಂತು, ಕೊಂಬೆ ಬಗ್ಗಿಸಿದರೆ ಲಟ್ ಎಂದು ಮುರಿಯುವ ಹಾಗಾದರೆ, ಮಗಳು ಅತ್ತರೂ ಸರಿ, ಹೊರಗೆ ಹಾಕು. ಜನವರಿಯಲ್ಲಿ ಕಸದ ಗಾಡಿ ಬಂದು ಮರ ಒಯ್ಯುತ್ತದೆ. ದಿನ ಯಾವುದು ಎಂದು ಕಸದ ಕ್ಯಾಲೆಂಡರಿನಲ್ಲಿ ನೋಡಿಕೋ. ಮಿಂಚುಪಟ್ಟಿ, ತಂತಿ, ಸ್ಟ್ಯಾಂಡು ಎಲ್ಲ ಬಿಚ್ಚಿ, ಪ್ಲಾಸ್ಟಿಕ್ ಚೀಲ ಸುತ್ತದೆ ಇಡಬೇಕು. ಪುಡಿ ಮಾಡಿ ಗಿಡಗಳ ಬುಡಕ್ಕೆ ಹಾಕುತ್ತಾರೆ, ನಮ್ಮ ತೋಟದಲ್ಲಿ ತರಗೆಲೆ ಬಿಡುವ ಹಾಗೆ. ಮೆಟ್ಟಿಲು ಹತ್ತಿಸುವಾಗ ಹಳೆ ಪಂಚೆಯಲ್ಲಿ ಸುತ್ತಿದರೆ ಮೇಲಿನ ಮನೆಯವರ ಬಾಗಿಲಲ್ಲಿ ಕಸ ಬೀಳುವುದಿಲ್ಲ.

ಸ್ಟ್ಯಾಂಡು ಕೊಳ್ಳಬೇಡ. ಈ ವರ್ಷ ನಮ್ಮವರು ಒಬ್ಬರೇ ಇರುವುದು, ಮರ ತರುವುದಿಲ್ಲ. ಗ್ಯಾರೇಜಿನಲ್ಲಿ ಹಸಿರು ಸ್ಟ್ಯಾಂಡು, ಗರಗಸ, ಆ ಆಲಿಕೆ ಪೈಪು ಎಲ್ಲ ಒಂದೇ ಡಬ್ಬದಲ್ಲಿವೆ. ಫೋನ್ ಮಾಡಿ ಹೋಗಿ ತಗೋ. ಸ್ಟ್ಯಾಂಡಿನ ಒಂದು ಸ್ಕ್ರೂ ತುಕ್ಕು ಹಿಡಿದಿದೆ, ಮರ ತರುವ ಹಿಂದಿನ ದಿನವೇ ಎರಡು ಹನಿ ಎಣ್ಣೆ ಬಿಟ್ಟಿಡು.