ಅಗ್ನಿಶಾಮಕ ಸಿಬ್ಬಂದಿ ದಿನವೂ ಅದೇ ಡ್ರಿಲ್ ಮಾಡುವುದೇಕೆ?

ಕಾರವಾರದಲ್ಲಿ ಅಗ್ನಿಶಾಮಕ ಸಿಬ್ಬಂದಿ ಅದೇ ಹೋಸ್ ಪೈಪನ್ನು ಬಿಚ್ಚಿ ಸುತ್ತುವುದನ್ನು ಆಗಾಗ ನೋಡುತ್ತೇನೆ, ವರ್ಷಗಟ್ಟಲೆ ಸೇವೆಯಲ್ಲಿರುವವರಿಗೆ ಇದೇಕೆ ಬೇಕು, ಅಣಕು ಕಾರ್ಯಾಚರಣೆಗಳಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಈ ಕರಾವಳಿಯ ಠಾಣೆಗಳಲ್ಲೇ ದುಡಿದು ನಿವೃತ್ತನಾದವನು ನಾನು. ನಿತ್ಯದ ಡ್ರಿಲ್ ಬೇಕೇ ಬೇಕು. ಅಣಕು ಕಾರ್ಯಾಚರಣೆಯೂ ಬೇಕು, ಆದರೆ ಅದು ನಡೆಯುವ ಹೊತ್ತು ಬದಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನೀರಿನ ಲೆಕ್ಕ ನೋಡಿ. ಸಾಮಾನ್ಯ ವಾಟರ್ ಟೆಂಡರ್, ಅಂದರೆ ನೀರು ಹೊತ್ತ ಅಗ್ನಿಶಾಮಕ ಗಾಡಿ, ಒಂದರಲ್ಲಿ 4,500 ಲೀಟರ್ ನೀರಿದ್ದು, ಒಂದು ಬ್ರ್ಯಾಂಚಿನಿಂದ (ಹೋಸಿನ ತುದಿಯ ನಳಿಕೆಯಿಂದ) ನಿಮಿಷಕ್ಕೆ 450 ಲೀಟರಿನಂತೆ ಬಿಟ್ಟರೆ ಹತ್ತೇ ನಿಮಿಷಕ್ಕೆ ಟ್ಯಾಂಕ್ ಬರಿದಾಗುತ್ತದೆ. ಅಷ್ಟರೊಳಗೆ ಪಂಪ್ ನಡೆಸುವವರು ನೀರೆಳೆಯುವ ಸಕ್ಷನ್ ಹೋಸನ್ನು ಹೊಳೆಗೋ ಕೆರೆಗೋ ಇಳಿಸಿ, ಜೋಡಣೆಯಲ್ಲಿ ಎಲ್ಲಿಯೂ ಗಾಳಿ ಎಳೆಯದಂತೆ ಬಿಗಿದು, ಪ್ರೈಮ್ ಮಾಡಿ (ಒಳಗಿನ ಗಾಳಿ ಹೊರಹಾಕಿ) ನೀರೆತ್ತಬೇಕು. ನೀರು ಪಂಪಿಗಿಂತ ಸುಮಾರು ಏಳು ಮೀಟರಿಗೂ ಕೆಳಗಿದ್ದರೆ ಯಂತ್ರ ಎಷ್ಟು ಕೂಗಿದರೂ ನೀರು ಏರದು. ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ನೋಡಿದ ಕೂಡಲೇ ತಿಳಿಯಬೇಕಾದರೆ ಕಣ್ಣು ಪಳಗಿರಬೇಕು. ಹೊಗೆಯೊಳಗೆ ಉಸಿರಾಡಲು ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್ ಇರುವ ಬಿಎ ಸೆಟ್ಟಿನ ಮಾತೂ ಹೀಗೆಯೇ. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಸುಮಾರು 1,800 ಲೀಟರ್ ಗಾಳಿ ಇರುತ್ತದೆ. ಕಾಗದದ ಮೇಲೆ ಅದು 45 ನಿಮಿಷದ ಗಾಳಿ. ಹೊಗೆಯಲ್ಲಿ ಗಾಬರಿಗೊಂಡು ಏದುಸಿರು ಬಿಡುತ್ತಾ ದುಡಿಯುವವನಿಗೆ ಅರ್ಧ ಹೊತ್ತೂ ಬಾರದೆ ಹೋಗಬಹುದು. ಕತ್ತಲ ಕೋಣೆಯಲ್ಲಿ ಮಾಸ್ಕ್ ಹಾಕಿ, ಗೋಡೆ ಮುಟ್ಟಿಕೊಂಡು, ಮಂಡಿಯೂರಿ ಸಾಗುವ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿದವನ ಉಸಿರು ತಾನಾಗಿಯೇ ಹದಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ನಾನು ಅತ್ಯಂತ ಮುಖ್ಯವೆಂದು ಭಾವಿಸುವುದು ಅನಿಲ ಟ್ಯಾಂಕರಿನ ಅಭ್ಯಾಸ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ಬಳಿಯ ಬರ್ಗಿಯಲ್ಲಿ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಜೀವಗಳು ಹೋದದ್ದನ್ನು ಈ ಹೆದ್ದಾರಿಯ ಪಕ್ಕದವರು ಮರೆತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕಂಟಿ ಚರಂಡಿ, ತಗ್ಗು, ಮನೆಯಂಗಳಗಳತ್ತ ಹರಿಯುತ್ತದೆ. ಗಾಳಿಯಲ್ಲಿ ಶೇಕಡಾ ಎರಡರಷ್ಟು ಬೆರೆತರೂ ಒಂದು ಕಿಡಿ ಸಾಕು. ಆದ್ದರಿಂದ ಗಾಳಿ ಬೀಸಿ ಬರುವ ದಿಕ್ಕಿನಿಂದಲೇ ಹತ್ತಿರ ಹೋಗಬೇಕು, ಆ ಪ್ರದೇಶದ ವಿದ್ಯುತ್ತನ್ನು ಹೆಸ್ಕಾಂನವರಿಂದ ಕಡಿತಗೊಳಿಸಬೇಕು, ಒಲೆ ಹಚ್ಚದಂತೆ ಮನೆ ಮನೆಗೆ ತಿಳಿಸಬೇಕು. ಟ್ಯಾಂಕಿಗೆ ಬೆಂಕಿ ತಾಗುತ್ತಿದ್ದರೆ ನೀರನ್ನು ಮುಖ್ಯವಾಗಿ ಅದರ ಮೇಲ್ಭಾಗಕ್ಕೆ ಹಾಯಿಸಬೇಕು. ಕೆಳಗಿನ ತಗಡನ್ನು ಒಳಗಿನ ದ್ರವ ತಣ್ಣಗಿಡುತ್ತದೆ, ಮೇಲಿನದಕ್ಕೆ ಆ ರಕ್ಷಣೆಯಿಲ್ಲ. ಸೋರಿಕೆ ನಿಲ್ಲಿಸಲಾಗದಿದ್ದರೆ ಉರಿಯುವ ಜ್ವಾಲೆಯನ್ನು ನಂದಿಸಲೂಬಾರದು, ಏಕೆಂದರೆ ಆಮೇಲೆ ಹರಡುವ ಅನಿಲ ಇನ್ನೆಲ್ಲೋ ಹತ್ತಿಕೊಳ್ಳಬಹುದು. ಬೆಂಕಿ ಕಂಡರೆ ಆರಿಸಲು ಧಾವಿಸುವುದೇ ನಮ್ಮವರ ಸ್ವಭಾವವಾದ್ದರಿಂದ, ಹೀಗೆ ತಡೆದು ನಿಲ್ಲುವುದನ್ನು ಅಭ್ಯಾಸದಿಂದಲೇ ಕಲಿಸಬೇಕಾಗುತ್ತದೆ.

ಇನ್ನು ಅಣಕು ಕಾರ್ಯಾಚರಣೆ. ಕೈಗಾ ಅಣು ವಿದ್ಯುತ್ ಕೇಂದ್ರ ಇರುವುದರಿಂದ ಜಿಲ್ಲಾಡಳಿತ, ಪೊಲೀಸ್, ಆರೋಗ್ಯ ಇಲಾಖೆಗಳೆಲ್ಲ ಸೇರುವ ಅಭ್ಯಾಸಗಳು ನಮಗೆ ಹೊಸದಲ್ಲ, ಅವುಗಳಿಂದ ಇಲಾಖೆಗಳ ನಡುವಿನ ಪರಿಚಯವೂ ಬೆಳೆಯುತ್ತದೆ. ಆದರೆ ಇಂಥವು ಸಾಮಾನ್ಯವಾಗಿ ಮುಂಚಿತವಾಗಿ ತಿಳಿಸಿದ ದಿನ, ಒಳ್ಳೆಯ ಬಿಸಿಲಿನಲ್ಲಿ ನಡೆಯುತ್ತವೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಅನಿಲ ಟ್ಯಾಂಕರೂ ಗಂಗಾವಳಿ ನದಿ ಸೇರಿದಾಗ ಮಳೆ ಬಿಡದೆ ಸುರಿಯುತ್ತಿತ್ತು. ಮರುತಿಂಗಳು ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ನಡುರಾತ್ರಿ ಕಳೆದ ಮೇಲೆ. ಲಾರಿಯೊಂದಿಗೆ ನೀರಿಗೆ ಬಿದ್ದ ಚಾಲಕನನ್ನು ಬದುಕಿಸುವಲ್ಲಿ ಸ್ಥಳೀಯ ಮೀನುಗಾರರ ಪಾತ್ರವೂ ದೊಡ್ಡದು.

ಹಾಗಾಗಿ ವರ್ಷದಲ್ಲಿ ಒಂದಾದರೂ ಅಣಕು ಕಾರ್ಯಾಚರಣೆಯನ್ನು ಮಳೆಗಾಲದ ರಾತ್ರಿಯಲ್ಲಿ, ಮುನ್ಸೂಚನೆಯಿಲ್ಲದೆ ನಡೆಸಬೇಕು, ದೋಣಿಯುಳ್ಳ ಮೀನುಗಾರರನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಮುಗಿದ ಕೂಡಲೇ ಫೋಟೊಕ್ಕೆ ನಿಲ್ಲುವ ಬದಲು ಎಲ್ಲಿ ತಡವಾಯಿತು, ಯಾರ ವೈರ್‌ಲೆಸ್ ಯಾರಿಗೆ ಕೇಳಿಸಲಿಲ್ಲ ಎಂಬುದನ್ನು ಅಲ್ಲೇ ಕುಳಿತು ಬರೆದಿಡಬೇಕು. ಮುಂದಿನ ಅಭ್ಯಾಸ ಆ ಪಟ್ಟಿಯಿಂದಲೇ ಆರಂಭವಾಗಬೇಕು.