ಪ್ರತಿಕ್ರಿಯೆ: ಪಂಚಾಯಿತಿ ನಿರ್ಣಯ ಮಾಡಿದರೆ ಕೈಗಾ ವಿಸ್ತರಣೆ ನಿಲ್ಲುತ್ತದೆಯೇ?

ಗ್ರಾಮ ಪಂಚಾಯಿತಿ ವಿರೋಧದ ನಿರ್ಣಯ ಮಾಡಿದರೆ ಕೈಗಾ ಅಣುವಿದ್ಯುತ್ ಸ್ಥಾವರದ ಹೊಸ 5 ಮತ್ತು 6ನೇ ಘಟಕ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನೇರವಾಗಿ ಹೇಳುವುದಾದರೆ, ಇಲ್ಲ. ಅಣುವಿದ್ಯುತ್ ಕೇಂದ್ರ ಸರ್ಕಾರದ ವಿಷಯ. ಪಂಚಾಯಿತಿಗೆ ಅದನ್ನು ತಡೆಯುವ ಅಧಿಕಾರ ಇಲ್ಲ.

ಹಾಗಂತ ನಿರ್ಣಯ ಸುಮ್ನೆ ಕಾಗದ ಅಂತಲೂ ಅಲ್ಲ. 2018ರ ಡಿಸೆಂಬರ್‌ನಲ್ಲಿ ಕೈಗಾ ಹತ್ತಿರದ ಮಲ್ಲಾಪುರದಲ್ಲಿ ಈ ವಿಸ್ತರಣೆ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆಯಿತಲ್ವಾ? ಅಂಥ ಸಭೆಯಲ್ಲಿ ಲಿಖಿತವಾಗಿ ಕೊಟ್ಟ ಆಕ್ಷೇಪ ದಾಖಲೆಗೆ ಸೇರುತ್ತದೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೂಗಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಆದರೆ ಪರಿಸರ ಅನುಮತಿ 2019ರಲ್ಲೇ ಸಿಕ್ಕಿದೆ. ಅದರ ವಿರುದ್ಧ, ಪರಿಸರ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ, ಕಾರಣ ಕೊಟ್ಟರೆ ಇನ್ನೂ 60. ಆ ಬಾಗಿಲು ಮುಚ್ಚಿ ಬಹಳ ಕಾಲವಾಯಿತು.

ನನ್ನ ಕೇಳಿದರೆ 'ಬೇಡ' ಅನ್ನುವ ಒಂದೇ ಸಾಲಿನ ನಿರ್ಣಯಕ್ಕಿಂತ ಪ್ರಶ್ನೆಗಳಿರುವ ನಿರ್ಣಯಕ್ಕೆ ತೂಕ ಜಾಸ್ತಿ. ಈಗ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಒಟ್ಟು 880. ಹೊಸ ಎರಡೇ ಸೇರಿ 1,400. ಅಂದರೆ ಹಳೆಯ ನಾಲ್ಕಕ್ಕಿಂತಲೂ ದೊಡ್ಡದು. ಅಪಘಾತವಾದರೆ ಸುತ್ತಲಿನ ಜನರನ್ನು ಕಾಪಾಡುವ, ಸ್ಥಾವರದ ಹೊರಗಿನ ತುರ್ತು ಯೋಜನೆಯ ಹೊಣೆ ಜಿಲ್ಲಾಡಳಿತದ್ದು. ಅದನ್ನೇ ಹಿಡಿದುಕೊಳ್ಳಿ. ನಮ್ಮೂರಿನವರು ಯಾವ ರಸ್ತೆಯಲ್ಲಿ ಹೊರಡಬೇಕು? ಮಳೆಗಾಲದಲ್ಲಿ ಗುಡ್ಡ ಕುಸಿದರೆ ಬೇರೆ ದಾರಿ ಯಾವುದು? ಬಸ್ ಎಲ್ಲಿಂದ ಬರುತ್ತದೆ? ವಿಕಿರಣ ಸೋರಿದರೆ ನುಂಗಬೇಕಾದ ಅಯೋಡಿನ್ ಮಾತ್ರೆ ಯಾರ ಬಳಿ ಇದೆ? ಒಂದೊಂದನ್ನೂ ಬರೆದು ಜಿಲ್ಲಾಧಿಕಾರಿಗೆ ಕೊಡಿ, ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.